ಶುಕ್ರವಾರಗಳಲ್ಲಿ ರೂಪುಗೊಂಡ ಕಾನೂನು: ಡೇವಿಡ್ ಸ್ಟೀಲ್ ಮತ್ತು 1967ರ ಗರ್ಭಪಾತ ಕಾಯ್ದೆ

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಮಂತ್ರಿ ಪದವಿಯನ್ನಾಗಲಿ ವಿರೋಧ ಪಕ್ಷದ ವಕ್ತಾರರ ಸ್ಥಾನವನ್ನಾಗಲಿ ಹೊಂದಿರದ ಸದಸ್ಯರು ಹಿಂದಿನ ಸಾಲಿನ ಸದಸ್ಯರು. ಪ್ರಶ್ನೆ ಕೇಳುವುದು, ಕ್ಷೇತ್ರದ ಜನರ ಅಹವಾಲುಗಳನ್ನು ಸಚಿವರ ಬಳಿಗೆ ಒಯ್ಯುವುದು, ಸಮಿತಿಗಳಲ್ಲಿ ಕೂರುವುದು, ಪಕ್ಷದ ಸಚೇತಕರು ಸೂಚಿಸಿದ ಕಡೆಗೆ ಮತ ಹಾಕುವುದು ಇವರ ನಿತ್ಯದ ಕೆಲಸ. ಶಾಸನ ರಚನೆಯ ಕೆಲಸವನ್ನು ಬಹುಮಟ್ಟಿಗೆ ಸರಕಾರವೇ ತನ್ನ ಕೈಯಲ್ಲಿ ಇರಿಸಿಕೊಂಡಿರುತ್ತದೆ. ಎರಡನೆಯ ಮಹಾಯುದ್ಧದ ನಂತರ ಕಲ್ಯಾಣ ರಾಜ್ಯದ ಹೊಣೆಗಳು ಬೆಳೆದಂತೆ ಸಭೆಯ ವೇಳೆಯೆಲ್ಲ ಸರಕಾರಿ ಮಸೂದೆಗಳಿಗೇ ಸಾಲದಾಗಿ, ಖಾಸಗಿ ಸದಸ್ಯರ ಪಾಲಿಗೆ ಅಧಿವೇಶನವೊಂದರಲ್ಲಿ ಕೆಲವು ಶುಕ್ರವಾರಗಳು ಮಾತ್ರ ಉಳಿದವು. ಇಂಥ ವ್ಯವಸ್ಥೆಯೊಳಗೆ, ಸಭೆಯಲ್ಲಿ ಕೇವಲ 12 ಸ್ಥಾನಗಳಿದ್ದ ಲಿಬರಲ್ ಪಕ್ಷದ 28 ವರ್ಷದ ಸ್ಕಾಟಿಷ್ ಸದಸ್ಯರೊಬ್ಬರು, ಸರಕಾರವೇ ಮುಟ್ಟಲು ಹಿಂಜರಿಯುತ್ತಿದ್ದ ವಿಷಯವನ್ನು ಕೈಗೆತ್ತಿಕೊಂಡು ಕಾಯ್ದೆಯಾಗಿಸಿದರು. ಅದು ಹೇಗೆ ಸಾಧ್ಯವಾಯಿತು, ಅದರಲ್ಲಿ ಅವರ ಪಾಲೆಷ್ಟು, ಅವರ ಕೈ ಮೀರಿದ ಸಂಗತಿಗಳ ಪಾಲೆಷ್ಟು ಎಂಬುದೇ ಈ ಅಧ್ಯಯನದ ವಸ್ತು.

ಡೇವಿಡ್ ಸ್ಟೀಲ್ 1938ರ ಮಾರ್ಚ್ 31ರಂದು ಸ್ಕಾಟ್ಲೆಂಡಿನ ಕರ್ಕಾಲ್ಡಿಯಲ್ಲಿ ಹುಟ್ಟಿದವರು. ತಂದೆ ಚರ್ಚ್ ಆಫ್ ಸ್ಕಾಟ್ಲೆಂಡಿನ ಪಾದ್ರಿ. ಬಾಲ್ಯದ ಕೆಲವು ವರ್ಷಗಳು ಕೀನ್ಯಾದಲ್ಲಿ ಕಳೆದವು. 1965ರ ಮಾರ್ಚ್‌ನಲ್ಲಿ ರಾಕ್ಸ್‌ಬರ, ಸೆಲ್‌ಕರ್ಕ್ ಮತ್ತು ಪೀಬಲ್ಸ್ ಕ್ಷೇತ್ರದ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಸ್ಥಾನವನ್ನು ಕಸಿದುಕೊಂಡು ಅವರು ಸಂಸತ್ತಿಗೆ ಬಂದಾಗ ಸಭೆಯಲ್ಲೇ ಅತ್ಯಂತ ಕಿರಿಯರಾಗಿದ್ದರು. ಉಣ್ಣೆ ಬಟ್ಟೆಯ ಗಿರಣಿಗಳು, ಕುರಿ ಸಾಕಣೆ ಮತ್ತು ರಗ್ಬಿ ಆಟಕ್ಕೆ ಹೆಸರಾದ ಹಾಯಿಕ್, ಗ್ಯಾಲಶೀಲ್ಸ್, ಜೆಡ್‌ಬರ ಮುಂತಾದ ಗಡಿನಾಡಿನ ಪಟ್ಟಣಗಳು ಈ ಕ್ಷೇತ್ರದಲ್ಲಿದ್ದವು. ಗರ್ಭಪಾತದ ಕಾನೂನನ್ನು ತಿದ್ದಬೇಕೆಂಬ ಕೂಗು ಇಲ್ಲಿಂದ ಎದ್ದಿತೆಂದು ಹೇಳುವಂತಿಲ್ಲ. 1966ರ ಸಾರ್ವತ್ರಿಕ ಚುನಾವಣೆಯ ನಂತರದ ಅಧಿವೇಶನದಲ್ಲಿ ಖಾಸಗಿ ಸದಸ್ಯರ ಮಸೂದೆಗಳಿಗಾಗಿ ಎಂದಿನಂತೆ ಚೀಟಿ ಎತ್ತಿದಾಗ ಸ್ಟೀಲ್ ಅವರ ಹೆಸರು ಮೂರನೆಯದಾಗಿ ಬಂತು. ಈ ಚೀಟಿಯಲ್ಲಿ ಮೇಲೆ ಬಂದವರ ಮಸೂದೆಗಳು ಮೊದಲ ಶುಕ್ರವಾರಗಳಲ್ಲೇ ಚರ್ಚೆಗೆ ಬರುತ್ತವೆ. ಕೆಳಗಿನವರ ಮಸೂದೆಗಳು ಬಹುತೇಕ ಚರ್ಚೆಯೇ ಇಲ್ಲದೆ ಸಾಯುತ್ತವೆ. ಮೂರನೆಯ ಸ್ಥಾನವೆಂದರೆ ಮಸೂದೆ ಬದುಕುವ ನಿಜವಾದ ಅವಕಾಶ. ಹಾಗಾಗಿ ಹೆಸರು ಪ್ರಕಟವಾದೊಡನೆ ನಾನಾ ಸಂಘಟನೆಗಳವರೂ ಸಚಿವಾಲಯಗಳವರೂ ತಮ್ಮ ತಮ್ಮ ವಿಷಯಗಳನ್ನು ಹಿಡಿದು ಅವರ ಬಳಿಗೆ ಬಂದರು.

ಹಿಂದಿನ ಕಾನೂನಿನ ಸ್ಥಿತಿ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1861ರ ದೈಹಿಕ ಅಪರಾಧಗಳ ಕಾಯ್ದೆಯ 58 ಮತ್ತು 59ನೆಯ ಕಲಮುಗಳು ಗರ್ಭಪಾತವನ್ನು ಘೋರ ಅಪರಾಧವೆಂದು ಪರಿಗಣಿಸಿದ್ದವು. ಜೀವಾವಧಿ ಶಿಕ್ಷೆಗೂ ಅವಕಾಶವಿತ್ತು. 1938ರಲ್ಲಿ ಅಲೆಕ್ ಬೋರ್ನ್ ಎಂಬ ಪ್ರಸೂತಿ ತಜ್ಞರು, ಸೈನಿಕರಿಂದ ಅತ್ಯಾಚಾರಕ್ಕೊಳಗಾಗಿ ಬಸಿರಾದ 14 ವರ್ಷದ ಹುಡುಗಿಯೊಬ್ಬಳಿಗೆ ಬಹಿರಂಗವಾಗಿಯೇ ಶಸ್ತ್ರಚಿಕಿತ್ಸೆ ಮಾಡಿ ವಿಚಾರಣೆ ಎದುರಿಸಿದರು. ಹೆಣ್ಣಿನ ದೇಹವನ್ನೋ ಮನಸ್ಸನ್ನೋ ಗರ್ಭವು ಹಾಳುಗೆಡವುವುದೆಂದು ವೈದ್ಯನು ಪ್ರಾಮಾಣಿಕವಾಗಿ ನಂಬಿದ್ದರೆ ಅದು ಅವಳ ಜೀವ ಉಳಿಸುವ ಕೆಲಸವೇ ಆಗುತ್ತದೆಂಬ ಅರ್ಥದಲ್ಲಿ ನ್ಯಾಯಮೂರ್ತಿ ಮ್ಯಾಕ್‌ನಾಟನ್ ಜ್ಯೂರಿಗೆ ತಿಳಿವಳಿಕೆ ನೀಡಿದರು, ಬೋರ್ನ್ ಬಿಡುಗಡೆಯಾದರು. ಆದರೆ ಇದು ಕೆಳ ಹಂತದ ನ್ಯಾಯಾಲಯದ ಒಂದು ತೀರ್ಪಿನ ಆಸರೆಯಷ್ಟೇ. ಮುಂದಿನ ಮೂರು ದಶಕಗಳ ಕಾಲ ದುಡ್ಡುಳ್ಳವರು ಲಂಡನ್ನಿನ ಹಾರ್ಲಿ ಬೀದಿಯ ಖಾಸಗಿ ವೈದ್ಯರ ಬಳಿ ಮನೋವೈದ್ಯರ ಪತ್ರದೊಡನೆ ಸುರಕ್ಷಿತ ಚಿಕಿತ್ಸೆ ಪಡೆದರು. ಉಳಿದವರು ಸಾಬೂನಿನ ನೀರು, ಸಿರಿಂಜು, ಹೆಣಿಗೆಯ ಕಡ್ಡಿಗಳನ್ನು ನೆಚ್ಚಿದ ಗುಟ್ಟಿನ ಕೈಗಳಿಗೆ ಬಿದ್ದರು. ಗರ್ಭಪಾತದ ತೊಡಕುಗಳಿಂದ ವರ್ಷಕ್ಕೆ 30ರಿಂದ 50 ಹೆಂಗಸರು ಸಾಯುತ್ತಿದ್ದರು. ತಾಯಂದಿರ ಮರಣದ ಮುಖ್ಯ ಕಾರಣಗಳಲ್ಲಿ ಅದೂ ಒಂದಾಗಿತ್ತು.

ಸ್ಕಾಟ್ಲೆಂಡಿನ ಸ್ಥಿತಿ ಬೇರೆ. ಅಲ್ಲಿ 1861ರ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಗರ್ಭಪಾತವು ರೂಢಿಯಿಂದ ಬಂದ ಸಾಮಾನ್ಯ ಕಾನೂನಿನ ಅಪರಾಧವಾಗಿತ್ತು. ದುರುದ್ದೇಶ ಇದ್ದರಷ್ಟೇ ಅಪರಾಧವೆಂದೂ, ಮೊಕದ್ದಮೆ ಹೂಡಬೇಕೇ ಬೇಡವೇ ಎಂಬುದು ಸರಕಾರಿ ಅಭಿಯೋಜಕರ ವಿವೇಚನೆಗೆ ಬಿಟ್ಟದ್ದೆಂದೂ ತಿಳಿಯಲಾಗಿತ್ತು. ಈ ಸಡಿಲಿಕೆಯನ್ನು ಬಳಸಿಕೊಂಡೇ ಅಬರ್ಡೀನ್‌ನ ಪ್ರಾಧ್ಯಾಪಕ ಡುಗಾಲ್ಡ್ ಬೇರ್ಡ್ ಅವರು 1930ರ ದಶಕದ ಕೊನೆಯಿಂದ, ಹಲವು ಹೆರಿಗೆಗಳಿಂದ ಬಸವಳಿದ ಬಡ ಹೆಂಗಸರಿಗೆ ಆಸ್ಪತ್ರೆಯಲ್ಲೇ ಗರ್ಭಪಾತದ ಚಿಕಿತ್ಸೆ ನೀಡುತ್ತ ಬಂದಿದ್ದರು. ತೀರ ಹೆಚ್ಚು ಹೆರುವ ದಬ್ಬಾಳಿಕೆಯಿಂದ ಬಿಡುಗಡೆ ಪಡೆಯುವುದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಾರಿದ್ದ ನಾಲ್ಕು ಸ್ವಾತಂತ್ರ್ಯಗಳ ಸಾಲಿಗೆ ಐದನೆಯ ಸ್ವಾತಂತ್ರ್ಯವಾಗಬೇಕೆಂದು ಅವರು 1965ರಲ್ಲಿ ಬರೆದರು. ಅದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಪ್ರಸೂತಿಶಾಸ್ತ್ರದಲ್ಲಿ ಅಲ್ಟ್ರಾಸೌಂಡ್ ಬಳಕೆಗೆ ನಾಂದಿ ಹಾಡಿದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಗರ್ಭಪಾತದ ಕಟ್ಟಾ ವಿರೋಧಿಯಾಗಿದ್ದರು. ಒಂದೇ ಕಾನೂನು, ಒಂದೇ ರಾಷ್ಟ್ರೀಯ ಆರೋಗ್ಯ ಸೇವೆ. ಆದರೂ ಹೆಣ್ಣಿನ ಪಾಡು ಅವಳು ಯಾವ ಊರಿನಲ್ಲಿದ್ದಾಳೆ ಎಂಬುದರ ಮೇಲೆ ನಿಂತಿತ್ತು. ಸ್ಟೀಲ್ ಅವರ ಮಸೂದೆ ಸ್ಕಾಟ್ಲೆಂಡಿಗೆ ಬೇಕಿರಲಿಲ್ಲವೆಂಬ ಮಾತಿಗೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ. ವಿವೇಚನೆಯ ಮೇಲೆ ನಿಂತ ಉದಾರತೆ ಅಬರ್ಡೀನ್‌ನಿಂದಾಚೆಗೆ ಹಬ್ಬಲಿಲ್ಲ.

ವಿಷಯದ ಆಯ್ಕೆ

ಆಗಿನ ಗೃಹ ಸಚಿವ ರಾಯ್ ಜೆಂಕಿನ್ಸ್ ಅವರಿಗೆ ಎರಡು ಸುಧಾರಣೆಗಳ ಮೇಲೆ ಒಲವಿತ್ತು: ವಯಸ್ಕ ಪುರುಷರ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯುವುದು ಒಂದು, ಗರ್ಭಪಾತದ ಕಾನೂನನ್ನು ಸಡಿಲಿಸುವುದು ಇನ್ನೊಂದು. ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರಕಾರ ಇವೆರಡನ್ನೂ ತನ್ನ ಮಸೂದೆಗಳಾಗಿ ತರಲು ಸಿದ್ಧವಿರಲಿಲ್ಲ. ಸಂಪುಟದಲ್ಲೇ ಕ್ಯಾಥೊಲಿಕರಿದ್ದರು, ಲೇಬರ್ ಮತದಾರರಲ್ಲಿ ಕ್ಯಾಥೊಲಿಕ್ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಹಾಗಾಗಿ ಖಾಸಗಿ ಸದಸ್ಯರೊಬ್ಬರು ಮುಂದೆ ಬಂದರೆ ಸರಕಾರ ಹೊರಗೆ ತಟಸ್ಥವಾಗಿ ನಿಂತು ಒಳಗಿನಿಂದ ನೆರವು ಕೊಡಬಹುದೆಂಬ ಲೆಕ್ಕಾಚಾರ ಜೆಂಕಿನ್ಸ್ ಅವರದಾಗಿತ್ತು. ಸಲಿಂಗ ಸಂಬಂಧದ ಪ್ರಸ್ತಾವ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೀಮಿತವಾಗಿದ್ದರೆ ಗರ್ಭಪಾತದ ಮಸೂದೆಯನ್ನು ಸ್ಕಾಟ್ಲೆಂಡಿಗೂ ಅನ್ವಯಿಸಬಹುದಾಗಿತ್ತು. ಗರ್ಭಪಾತ ಕಾನೂನು ಸುಧಾರಣಾ ಸಂಘವು 1936ರಿಂದಲೂ ಈ ಬೇಡಿಕೆಯನ್ನು ಹಿಡಿದುಕೊಂಡಿತ್ತು. ವೆರಾ ಹೌಟನ್, ಡಯೇನ್ ಮಂಡೇ, ಮ್ಯಾಡಲೀನ್ ಸಿಮ್ಸ್ ಮುಂತಾದ ಹೊಸ ತಲೆಮಾರಿನ ಹೆಂಗಸರು 1960ರ ದಶಕದಲ್ಲಿ ಆ ಸಂಘಕ್ಕೆ ಹೊಸ ಕಸುವು ತುಂಬಿದ್ದರು. ಬಸುರಿಯರು ನುಂಗಿದ್ದರಿಂದ ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟಿದ ಥ್ಯಾಲಿಡೊಮೈಡ್ ಮಾತ್ರೆಯ ದುರಂತ ಜನಾಭಿಪ್ರಾಯವನ್ನು ಮೊದಲೇ ಕದಲಿಸಿತ್ತು. ಲಾರ್ಡ್ ಸಿಲ್ಕಿನ್ ಅವರು ಲಾರ್ಡ್ಸ್ ಸಭೆಯಲ್ಲಿ ಮಂಡಿಸಿದ್ದ ಮಸೂದೆಯ ಮೇಲೆ ಸಾಕಷ್ಟು ಚರ್ಚೆಯಾಗಿ, ಯಾವ ಪದಕ್ಕೆ ಯಾರ ಆಕ್ಷೇಪವಿದೆ ಎಂಬುದು ಮೊದಲೇ ಗೊತ್ತಾಗಿತ್ತು. ಸ್ಟೀಲ್ ಆ ಮಸೂದೆಯ ಎಳೆಯನ್ನೇ ಹಿಡಿದರು.

ಕಾಮನ್ಸ್ ಸಭೆಯಲ್ಲಿ ಹಿಂದೆ ನಡೆದ ಪ್ರಯತ್ನಗಳು ಸೋತದ್ದು ಹೇಗೆಂಬುದೂ ಅವರ ಕಣ್ಣ ಮುಂದಿತ್ತು. 1961ರಲ್ಲಿ ಕೆನೆತ್ ರಾಬಿನ್ಸನ್ ತಂದಿದ್ದ ಇಂಥದೇ ಮಸೂದೆಯನ್ನು ವಿರೋಧಿಗಳು ವೇಳೆ ಮುಗಿಯುವವರೆಗೂ ಮಾತನಾಡಿಯೇ ಕೊಂದಿದ್ದರು. ಆ ರಾಬಿನ್ಸನ್ ಈಗ ಆರೋಗ್ಯ ಸಚಿವರಾಗಿದ್ದರು.

1966ರ ಜುಲೈ 22, ಶುಕ್ರವಾರ, ವೈದ್ಯಕೀಯ ಗರ್ಭಸಮಾಪ್ತಿ ಮಸೂದೆ ಎಂಬ ಹೆಸರಿನಲ್ಲಿ ಅದು ದ್ವಿತೀಯ ವಾಚನಕ್ಕೆ ಬಂತು. ಪರವಾಗಿ 223, ವಿರೋಧವಾಗಿ 29 ಮತಗಳು ಬಿದ್ದವು. ವಿರೋಧಿಗಳು ಇನ್ನೂ ಸಂಘಟಿತರಾಗಿರಲಿಲ್ಲ. ಗರ್ಭಸ್ಥ ಶಿಶುಗಳ ರಕ್ಷಣಾ ಸಂಘ ಹುಟ್ಟಿದ್ದು 1967ರ ಜನವರಿಯಲ್ಲಿ, ಅಂದರೆ ಮಸೂದೆಯ ತತ್ತ್ವಕ್ಕೆ ಸಭೆಯ ಒಪ್ಪಿಗೆ ಸಿಕ್ಕಿ ಆರು ತಿಂಗಳ ಮೇಲೆ. ಆ ಸಂಘ ಐದು ಲಕ್ಷಕ್ಕೂ ಹೆಚ್ಚು ಸಹಿಗಳ ಅರ್ಜಿಯನ್ನು ಸಂಗ್ರಹಿಸಿತು. ಆದರೆ ಅಷ್ಟು ಹೊತ್ತಿಗೆ ಹೋರಾಟದ ಕಣ ಸಮಿತಿಯ ಕೊಠಡಿಗೆ ಸರಿದಿತ್ತು.

ಒಂದು ಕಲಮಿನ ಕಥೆ

ಮಸೂದೆಯ ಮೊದಲ ಕಲಮು ಮೂಲದಲ್ಲಿ ನಾಲ್ಕು ಕಾರಣಗಳನ್ನು ಹೇಳುತ್ತಿತ್ತು. ಮೊದಲನೆಯದು ಹೆಣ್ಣಿನ ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯ. ಎರಡನೆಯದು ಹುಟ್ಟುವ ಮಗುವಿಗೆ ತೀವ್ರ ಅಂಗವಿಕಲತೆ ತಗಲುವ ಸಂಭವ. ಮೂರನೆಯದು ಮಗುವೊಂದರ ಅಥವಾ ಮತ್ತೊಂದು ಮಗುವಿನ ಪಾಲನೆಯಿಂದ ತಾಯಿಯ ಶಕ್ತಿ ಮಿತಿಮೀರಿ ಕುಗ್ಗುವುದು. ನಾಲ್ಕನೆಯದು ಬುದ್ಧಿಮಾಂದ್ಯತೆ, 16ಕ್ಕಿಂತ ಕಡಿಮೆ ವಯಸ್ಸು ಅಥವಾ ಅತ್ಯಾಚಾರ. ಇವುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಕಾರಣಗಳನ್ನು ಸ್ಟೀಲ್ ತಾವೇ ಸಮಿತಿಯ ಹಂತದಲ್ಲಿ ಕೈಬಿಟ್ಟರು. ಸುಧಾರಣಾ ಸಂಘದವರಿಗೆ ಇದು ದೊಡ್ಡ ಆಘಾತ. ಅತ್ಯಾಚಾರಕ್ಕೊಳಗಾದವಳ ಮಾತನ್ನೇ ಕಾನೂನಿನಿಂದ ತೆಗೆದರೆ ಉಳಿಯುವುದೇನು ಎಂದು ಯಾರಾದರೂ ಕೇಳಬಹುದಾಗಿತ್ತು.

ಅವರ ಕಾರಣಗಳನ್ನು ನೋಡಿದರೆ ಈ ಪ್ರಕರಣದ ತಿರುಳು ಸಿಗುತ್ತದೆ. ಬ್ರಿಟಿಷ್ ವೈದ್ಯಕೀಯ ಸಂಘ ಮತ್ತು ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಆಕ್ಷೇಪ ಇದ್ದುದು ಇಲ್ಲಿಯೇ. ಅತ್ಯಾಚಾರ ನಡೆದಿದೆಯೇ ಎಂದು ತೀರ್ಮಾನಿಸುವುದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ. ತಾಯಿ ಎಷ್ಟು ಬಳಲಿದ್ದಾಳೆಂದು ಅಳೆಯುವುದು ಸಮಾಜಸೇವಕರ ಕೆಲಸ. ಇವೆರಡನ್ನೂ ವೈದ್ಯರ ತಲೆಗೆ ಕಟ್ಟಿದರೆ ಅವರು ಚಿಕಿತ್ಸೆಯನ್ನೇ ನಿರಾಕರಿಸುತ್ತಾರೆ. ವೈದ್ಯರು ಒಪ್ಪದ ಕಾನೂನು ಪುಸ್ತಕದಲ್ಲಿದ್ದೂ ಆಸ್ಪತ್ರೆಯಲ್ಲಿ ಇಲ್ಲದಂತಾಗುತ್ತದೆ. ಹೀಗಾಗಿ ಆ ಹೆಂಗಸರ ಪಾಡನ್ನು ಬೇರೆ ದಾರಿಯಿಂದ ಒಳಗೆ ತರಬೇಕಾಯಿತು. ಹೆಣ್ಣಿನ ಆರೋಗ್ಯಕ್ಕಿರುವ ಅಪಾಯವನ್ನು ತೂಗುವಾಗ ಆಕೆ ಈಗ ಇರುವ ಮತ್ತು ಮುಂದೆ ಇರಬಹುದೆಂದು ತಕ್ಕಮಟ್ಟಿಗೆ ಊಹಿಸಬಹುದಾದ ಪರಿಸರವನ್ನು ವೈದ್ಯರು ಗಣನೆಗೆ ತೆಗೆದುಕೊಳ್ಳಬಹುದು ಎಂಬ ಒಂದೇ ವಾಕ್ಯ ಆ ಕೆಲಸ ಮಾಡಿತು. ಇದರ ಜೊತೆಗೆ ಆಕೆಗೆ ಈಗಾಗಲೇ ಇರುವ ಮಕ್ಕಳ ದೈಹಿಕ ಮಾನಸಿಕ ಆರೋಗ್ಯದ ಅಪಾಯವೂ ಒಂದು ಕಾರಣವಾಗಿ ಸೇರಿತು. ಒದ್ದೆ ಗೋಡೆಯ ಒಂದೇ ಕೋಣೆಯಲ್ಲಿ ಐದು ಮಕ್ಕಳನ್ನು ಸಾಕುತ್ತಿದ್ದ ಗ್ಲಾಸ್ಗೋದ ತಾಯಿಯೊಬ್ಬಳನ್ನು ನೆನೆದುಕೊಂಡರೆ, ಆ ಕೋಣೆಯೇ ಈಗ ವೈದ್ಯರ ತೀರ್ಮಾನದೊಳಗೆ ಬರುತ್ತಿತ್ತು. ಅವಳ ಬಳಲಿಕೆಗೆ ಕಾನೂನಿನಲ್ಲಿ ಹೆಸರಿಲ್ಲದಿದ್ದರೂ ಜಾಗ ಸಿಕ್ಕಿತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ತೀರ್ಮಾನದ ಅಧಿಕಾರ ಸಂಪೂರ್ಣವಾಗಿ ಇಬ್ಬರು ನೋಂದಾಯಿತ ವೈದ್ಯರ ಪ್ರಾಮಾಣಿಕ ಅಭಿಪ್ರಾಯಕ್ಕೆ ಹೋಯಿತು. ಹೆಣ್ಣಿಗೆ ಹಕ್ಕೊಂದು ದೊರೆಯಲಿಲ್ಲ. ವೈದ್ಯರಿಗೆ ರಕ್ಷಣೆ ದೊರೆಯಿತು. 1861ರ ಕಾಯ್ದೆ ಹಾಗೆಯೇ ಉಳಿದು, ಅದಕ್ಕೊಂದು ವಿನಾಯಿತಿ ಮಾತ್ರ ಹುಟ್ಟಿತು. ಸ್ತ್ರೀವಾದಿ ಚಳವಳಿ ಮುಂದೆ ಈ ಮಿತಿಯನ್ನು ಕಟುವಾಗಿ ವಿಮರ್ಶಿಸಿತು, ಆ ವಿಮರ್ಶೆಯಲ್ಲಿ ಸತ್ಯವಿದೆ. ಆದರೂ 1967ರ ಕಾಮನ್ಸ್ ಸಭೆಯಲ್ಲಿ ಹಕ್ಕಿನ ಭಾಷೆಯ ಮಸೂದೆಗೆ ಬಹುಮತ ಸಿಗುತ್ತಿತ್ತೆಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಆ ಸಭೆಯಲ್ಲಿದ್ದ ಹೆಂಗಸರು ಬೆರಳೆಣಿಕೆಯಷ್ಟು. ವೈದ್ಯರ ಒಪ್ಪಿಗೆಯೇ ಮಸೂದೆಗೆ ಸಿಕ್ಕ ಗೌರವದ ಮುದ್ರೆಯಾಗಿತ್ತು. ಡೇವಿಡ್ ಓವೆನ್, ಜಾನ್ ಡನ್‌ವುಡಿ, ಮೈಕೇಲ್ ವಿನ್‌ಸ್ಟ್ಯಾನ್ಲಿಯವರಂಥ ವೈದ್ಯ ಸದಸ್ಯರ ಮಾತಿಗೆ ಅಲ್ಲಿ ಸಿಕ್ಕ ತೂಕವೂ ಇದನ್ನೇ ಹೇಳುತ್ತದೆ.

ವೇಳೆಯ ಲೆಕ್ಕ

ಖಾಸಗಿ ಸದಸ್ಯರ ಮಸೂದೆಯ ಪಾಲಿಗೆ ಬಹುಮತಕ್ಕಿಂತ ವೇಳೆ ದೊಡ್ಡದು. ಶುಕ್ರವಾರದ ಕಲಾಪ ಬೆಳಗ್ಗೆ 11ಕ್ಕೆ ಆರಂಭವಾಗಿ ಸಂಜೆ 4ಕ್ಕೆ ನಿಲ್ಲುತ್ತಿತ್ತು. ನಾಲ್ಕು ಗಂಟೆಗೆ ಯಾರಾದರೂ ಮಾತನಾಡುತ್ತಿದ್ದರೆ ಚರ್ಚೆ ಅಲ್ಲಿಗೇ ಮುರಿದು ಮಸೂದೆ ಸಾಲಿನ ಕೊನೆಗೆ ಹೋಗುತ್ತಿತ್ತು. ಚರ್ಚೆ ಮುಕ್ತಾಯಗೊಳಿಸುವ ಗೊತ್ತುವಳಿ ಅಂಗೀಕಾರವಾಗಬೇಕಾದರೆ ಕನಿಷ್ಠ 100 ಸದಸ್ಯರು ಅದರ ಪರ ಮತ ಹಾಕಬೇಕಿತ್ತು. ಶುಕ್ರವಾರ ಬಹುತೇಕ ಸದಸ್ಯರು ತಮ್ಮ ಕ್ಷೇತ್ರಗಳಿಗೆ ಹೊರಡುವ ದಿನವಾದ್ದರಿಂದ ನೂರು ಜನರನ್ನು ಕೂಡಿಹಾಕುವುದೇ ಕಷ್ಟ. ಸರಕಾರಿ ಮಸೂದೆಗಾದರೆ ಸಚೇತಕರ ಪಡೆ ಇರುತ್ತದೆ. ಸ್ಟೀಲ್ ಅವರಿಗೆ ಇದ್ದದ್ದು ಪೀಟರ್ ಜ್ಯಾಕ್ಸನ್ ಮುಂತಾದ ಬೆಂಬಲಿಗ ಸದಸ್ಯರು ಸ್ವಂತ ಇಚ್ಛೆಯಿಂದ ಕಟ್ಟಿಕೊಂಡ ವ್ಯವಸ್ಥೆ. ಲೇಬರ್, ಕನ್ಸರ್ವೇಟಿವ್, ಲಿಬರಲ್ ಎನ್ನದೆ ಎಲ್ಲ ಪಕ್ಷಗಳ ಸುಧಾರಣಾವಾದಿಗಳನ್ನು ಅದು ಒಟ್ಟಿಗೆ ಹಿಡಿದಿಟ್ಟಿತು.

1967ರ ಜನವರಿಯಿಂದ ಏಪ್ರಿಲ್‌ವರೆಗೆ ಸ್ಥಾಯಿ ಸಮಿತಿಯಲ್ಲಿ ಮಸೂದೆ ಪದಪದವಾಗಿ ಪರಿಶೀಲನೆಗೊಳಗಾಯಿತು. ನಾರ್ಮನ್ ಸೇಂಟ್ ಜಾನ್ ಸ್ಟೀವಸ್, ವಿಲಿಯಂ ವೆಲ್ಸ್, ಜಿಲ್ ನೈಟ್ ವಿರೋಧದ ಮುಂದಾಳುಗಳು. ಸಲಿಂಗ ಸಂಬಂಧದ ಕಾನೂನನ್ನು ತಿದ್ದಲು ಅದೇ ಕಾಲದಲ್ಲಿ ಹೋರಾಡುತ್ತಿದ್ದ ಲಿಯೋ ಆಬ್ಸ್ ಕೂಡ ಈ ಮಸೂದೆಯನ್ನು ವಿರೋಧಿಸಿದರು ಎಂಬುದು ಗಮನಿಸಬೇಕಾದ ಸಂಗತಿ. ಉದಾರವಾದಿಗಳೆಲ್ಲ ಒಂದು ಕಡೆ, ಸಂಪ್ರದಾಯಸ್ಥರೆಲ್ಲ ಇನ್ನೊಂದು ಕಡೆ ಎಂಬ ಸರಳ ಚಿತ್ರ ಇಲ್ಲಿ ಹೊಂದುವುದಿಲ್ಲ. ಸಮಿತಿಯಿಂದ ಹೊರಬಂದ ಮಸೂದೆ ಜೂನ್ 2ರ ಶುಕ್ರವಾರ ಸಭೆಯ ಮುಂದೆ ಬಂದಾಗ ತಿದ್ದುಪಡಿಗಳ ರಾಶಿಯೇ ಎದುರಾಯಿತು. ಒಂದು ದಿನದಲ್ಲಿ ಅದು ಮುಗಿಯಲಿಲ್ಲ, ಮುಗಿಯುವಂತೆಯೂ ಇರಲಿಲ್ಲ. ಮಂಡಿಸಿದವರು ಇಂಥ ಹೊತ್ತಿನಲ್ಲಿ ಬಾಯಿ ಬಿಗಿಹಿಡಿಯಬೇಕು. ತಮ್ಮ ಪರವಾಗಿ ಆಡಿದ ಪ್ರತಿ ಮಾತೂ ಎದುರಾಳಿಗೆ ಕೊಟ್ಟ ವೇಳೆಯಾಗುತ್ತದೆ. ಮಾತಿಗೆ ಸಂಬಳ ಪಡೆಯುವ ಮನೆಯಲ್ಲಿ ಮೌನದ ಶಿಸ್ತನ್ನು ಬೆಂಬಲಿಗರೆಲ್ಲರಿಗೂ ಕಲಿಸುವುದು ಸಣ್ಣ ಕೆಲಸವಲ್ಲ.

ಇಲ್ಲಿ ಸರಕಾರದ ತಟಸ್ಥತೆಯ ನಿಜವಾದ ರೂಪ ಕಾಣಿಸುತ್ತದೆ. ಸಭಾನಾಯಕ ರಿಚರ್ಡ್ ಕ್ರಾಸ್‌ಮನ್ ಮತ್ತು ಮುಖ್ಯ ಸಚೇತಕ ಜಾನ್ ಸಿಲ್ಕಿನ್ ಇಬ್ಬರೂ ಮಸೂದೆಗೆ ಒಲಿದವರು; ಲಾರ್ಡ್ಸ್ ಸಭೆಯಲ್ಲಿ ಮಸೂದೆಯನ್ನು ಮೊದಲು ಎತ್ತಿದ ಲಾರ್ಡ್ ಸಿಲ್ಕಿನ್ ಈ ಮುಖ್ಯ ಸಚೇತಕರ ತಂದೆ. ಸಭೆ ಮುಕ್ತವಾಗಿ ತೀರ್ಮಾನಿಸಲು ಅವಕಾಶವಾಗಬೇಕೆಂಬ ನೆಲೆಯಲ್ಲಿ ಸಂಪುಟವು ಹೆಚ್ಚುವರಿ ವೇಳೆ ಕೊಡಲು ಒಪ್ಪಿತು. ಕರಡು ತಿದ್ದಲು ಸರಕಾರಿ ನಿಪುಣರ ನೆರವು ಮೊದಲೇ ದೊರೆತಿತ್ತು. ಜೂನ್ 29ರಂದು ಆರಂಭವಾದ ಚರ್ಚೆ ರಾತ್ರಿಯಿಡೀ ನಡೆದರೂ ಮಸೂದೆ ದಡ ಮುಟ್ಟಲಿಲ್ಲ. ಜುಲೈ 13ರಂದು ಮತ್ತೊಂದು ಅಹೋರಾತ್ರಿ ಕಲಾಪ. ವಿರೋಧಿಗಳು ಒಂದರ ಹಿಂದೊಂದು ತಿದ್ದುಪಡಿ ಎತ್ತುತ್ತಿದ್ದರೆ, ಬೆಂಬಲಿಗರು ಕಟ್ಟಡದ ಮೂಲೆಮೂಲೆಗಳಲ್ಲಿ ತೂಕಡಿಸುತ್ತ, ಗಂಟೆ ಬಾರಿಸಿದಾಗಲೆಲ್ಲ ಎದ್ದು ಬಂದು ಮತ ಹಾಕುತ್ತ, ನೂರರ ಸಂಖ್ಯೆ ಕುಸಿಯದಂತೆ ನೋಡಿಕೊಂಡರು. ಜುಲೈ 14ರ ಶುಕ್ರವಾರ ತೃತೀಯ ವಾಚನ ಮುಗಿದಾಗ ಪರವಾಗಿ 167, ವಿರೋಧವಾಗಿ 83 ಮತಗಳಿದ್ದವು. ವರ್ಷದ ಹಿಂದಿನ 29 ಈಗ 83 ಆಗಿತ್ತು. ಸಂಘಟಿತ ವಿರೋಧ ಬೆಳೆದ ಪ್ರಮಾಣ ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿ ಅದೃಷ್ಟಕ್ಕೆ ಸೇರಿದ್ದು. ಅಧಿವೇಶನ ಮುಗಿಯುವುದರೊಳಗೆ ಅಂಗೀಕಾರವಾಗದ ಮಸೂದೆ ಸತ್ತಂತೆಯೇ. ಸಾಮಾನ್ಯವಾಗಿ ಅಧಿವೇಶನದ ಆಯುಷ್ಯ ಒಂದು ವರ್ಷ. 1966ರ ಚುನಾವಣೆ ವಸಂತದಲ್ಲಿ ನಡೆದದ್ದರಿಂದ ಆ ಅಧಿವೇಶನ 1966ರ ಏಪ್ರಿಲ್‌ನಿಂದ 1967ರ ಅಕ್ಟೋಬರ್ ಕೊನೆಯವರೆಗೆ, ಅಂದರೆ ಹದಿನೆಂಟು ತಿಂಗಳು ನಡೆಯಿತು. ಈ ಹೆಚ್ಚುವರಿ ತಿಂಗಳುಗಳು ಇಲ್ಲದಿದ್ದರೆ ಲಾರ್ಡ್ಸ್ ಸಭೆಯ ತಿದ್ದುಪಡಿಗಳ ವಿವಾದವನ್ನು ಬಗೆಹರಿಸಲು ದಿನಗಳೇ ಉಳಿಯುತ್ತಿರಲಿಲ್ಲ.

ಆ ವಿವಾದ ಕಡಿಮೆಯದಾಗಿರಲಿಲ್ಲ. ಇಬ್ಬರು ವೈದ್ಯರಲ್ಲಿ ಒಬ್ಬರು ಆರೋಗ್ಯ ಸೇವೆಯ ಹಿರಿಯ ತಜ್ಞರೇ ಆಗಿರಬೇಕೆಂಬ ತಿದ್ದುಪಡಿಯನ್ನು ಲಾರ್ಡ್ಸ್ ಸಭೆ ಜುಲೈನಲ್ಲಿ ಒಪ್ಪಿತ್ತು. ಕೇಳಲು ಇದು ಎಚ್ಚರಿಕೆಯ ಮಾತಿನಂತಿದ್ದರೂ, ಅಂಥ ತಜ್ಞರು ಎಲ್ಲೆಡೆ ಕೆಲವರೇ ಇದ್ದು, ಅವರು ವಿರೋಧಿಯಾಗಿದ್ದ ಊರಿನ ಹೆಣ್ಣಿಗೆ ಕಾನೂನು ಇದ್ದೂ ಬಾಗಿಲು ಮುಚ್ಚುತ್ತಿತ್ತು. ಅಕ್ಟೋಬರ್‌ನಲ್ಲಿ ಲಾರ್ಡ್ಸ್ ಸಭೆಯೇ ಅದನ್ನು ಹಿಂತೆಗೆದುಕೊಂಡಿತು. ಅದೇ ಹಂತದಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಪಾರ್ಕರ್ ಅವರ ಸೂಚನೆಯಿಂದ ಇನ್ನೊಂದು ಬದಲಾವಣೆಯಾಯಿತು: ಗರ್ಭ ಮುಂದುವರಿದರೆ ಆಗುವ ಅಪಾಯವು ಗರ್ಭ ತೆಗೆದರೆ ಆಗುವ ಅಪಾಯಕ್ಕಿಂತ ಹೆಚ್ಚಿದ್ದರೆ ಸಾಕು. ನಿಖರತೆಗಾಗಿ ಸೇರಿಸಿದ ಈ ಹೋಲಿಕೆಯೇ ಕಾಯ್ದೆಯನ್ನು ಅದರ ಕರ್ತೃಗಳು ಎಣಿಸಿದ್ದಕ್ಕಿಂತ ಅಗಲವಾಗಿ ತೆರೆಯಿತು. ಆರಂಭದ ವಾರಗಳ ಚಿಕಿತ್ಸೆ ಸುರಕ್ಷಿತವಾಗುತ್ತ ಹೋದಂತೆ, ಪೂರ್ಣ ಬಸಿರು ಮತ್ತು ಹೆರಿಗೆಯ ಅಪಾಯವೇ ಯಾವಾಗಲೂ ಹೆಚ್ಚೆಂದು ವೈದ್ಯರು ಅಂಕಿಅಂಶಗಳ ಬಲದಿಂದ ಹೇಳಬಹುದಾಯಿತು. 1967ರ ಅಕ್ಟೋಬರ್ 27ರಂದು ಕಾಯ್ದೆಗೆ ರಾಣಿಯ ಅಂಕಿತ ಬಿತ್ತು. ಅಧಿವೇಶನ ಮುಗಿದದ್ದೂ ಅದೇ ದಿನ.

ಕಾಯ್ದೆ ಜಾರಿಗೆ ಬಂದ ಮೇಲೆ

1968ರ ಏಪ್ರಿಲ್ 27ರಿಂದ ಕಾಯ್ದೆ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಜಾರಿಯಾಯಿತು. ಉತ್ತರ ಐರ್ಲೆಂಡನ್ನು ಹೊರಗಿಟ್ಟಿದ್ದರು. 1969ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 55 ಸಾವಿರ ಕಾನೂನುಬದ್ಧ ಗರ್ಭಪಾತಗಳು ದಾಖಲಾದವು. ಗುಟ್ಟಿನ ಗರ್ಭಪಾತದಿಂದ ಆಗುತ್ತಿದ್ದ ಸಾವುಗಳು ಮುಂದಿನ ದಶಕದಲ್ಲಿ ಕುಸಿದು, ಕೊನೆಗೆ ಇಲ್ಲವೆನ್ನುವ ಮಟ್ಟಕ್ಕೆ ಬಂದವು. ಆದರೆ ಊರಿಂದೂರಿಗೆ ಇದ್ದ ಅಂತರ ಕಾಯ್ದೆಯಿಂದ ಅಳಿಯಲಿಲ್ಲ. ಬರ್ಮಿಂಗ್‌ಹ್ಯಾಮ್‌ನಂಥ ನಗರಗಳಲ್ಲಿ ಹಿರಿಯ ತಜ್ಞರ ವಿರೋಧದಿಂದ ಆರೋಗ್ಯ ಸೇವೆಯ ಆಸ್ಪತ್ರೆಗಳು ಹಿಂಜರಿದಾಗ, ಲಾಭದ ಉದ್ದೇಶವಿಲ್ಲದ ದತ್ತಿ ಸಂಸ್ಥೆಗಳು ಆ ಜಾಗವನ್ನು ತುಂಬಬೇಕಾಯಿತು.

ನಾಲ್ಕನೆಯ ಕಲಮಿನಲ್ಲಿ ಆತ್ಮಸಾಕ್ಷಿಯ ವಿನಾಯಿತಿ ಇದೆ: ಹೆಣ್ಣಿನ ಜೀವ ಉಳಿಸಬೇಕಾದ ಅಥವಾ ಗಂಭೀರವಾದ ಶಾಶ್ವತ ಹಾನಿಯನ್ನು ತಡೆಯಬೇಕಾದ ಸಂದರ್ಭದ ಹೊರತು, ಈ ಚಿಕಿತ್ಸೆಯಲ್ಲಿ ಭಾಗಿಯಾಗಲು ಯಾರನ್ನೂ ಒತ್ತಾಯಿಸುವಂತಿಲ್ಲ. ಆಕ್ಷೇಪ ಇದೆಯೆಂದು ಸಾಧಿಸುವ ಹೊಣೆ ಹೇಳುವವರದೇ. ಆದರೆ ಸ್ಕಾಟ್ಲೆಂಡಿನ ನ್ಯಾಯಾಲಯಗಳಲ್ಲಿ ಪ್ರಮಾಣ ಮಾಡಿ ಹೇಳಿದ ಮಾತೊಂದೇ ಸಾಕು ಎಂಬ ಉಪಕಲಮನ್ನು ಸೇರಿಸಲಾಗಿದೆ. ಹೇಳಿಕೆಗೆ ಎರಡನೆಯ ಸಾಕ್ಷ್ಯದ ಬೆಂಬಲ ಕೇಳುವ ಸ್ಕಾಟಿಷ್ ನ್ಯಾಯಪದ್ಧತಿಯನ್ನು ಗಮನದಲ್ಲಿಟ್ಟರೆ ಈ ಪುಟ್ಟ ಉಪಕಲಮಿನ ಮಹತ್ವ ತಿಳಿಯುತ್ತದೆ. ಸ್ಕಾಟ್ಲೆಂಡಿಗೂ ಹೊಂದುವಂತೆ ಕಾನೂನು ಬರೆಯುವುದೆಂದರೆ ಏನೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕ್ಷೇತ್ರದಲ್ಲಿ ಸ್ಟೀಲ್ ಇದರ ಫಲವನ್ನು ಉಂಡರು. 1965ರಲ್ಲಿ 4,607 ಮತಗಳ ಅಂತರದಿಂದ ಗೆದ್ದಿದ್ದವರು 1970ರ ಚುನಾವಣೆಯಲ್ಲಿ 550 ಮತಗಳ ಅಂತರದಲ್ಲಿ ಉಳಿದುಕೊಂಡರು. ವರ್ಣಭೇದ ವಿರೋಧಿ ಚಳವಳಿಯ ಮುಂದಾಳಾಗಿದ್ದ ಅವರು ದಕ್ಷಿಣ ಆಫ್ರಿಕದ ರಗ್ಬಿ ತಂಡದ ಪ್ರವಾಸವನ್ನು ವಿರೋಧಿಸಿದ್ದು ರಗ್ಬಿಯೇ ಉಸಿರಾಗಿದ್ದ ಆ ಪಟ್ಟಣಗಳಲ್ಲಿ ಇನ್ನೂ ಹೆಚ್ಚು ಮುನಿಸು ತಂದಿರಬೇಕು. ಆದ್ದರಿಂದ ಪೂರ್ತಿ ಹೊಣೆಯನ್ನು ಗರ್ಭಪಾತ ಕಾಯ್ದೆಯ ಮೇಲೆ ಹೊರಿಸಲಾಗದು.

ನಂತರದ ಎರಡು ಪ್ರಯತ್ನಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವೇಳೆಯ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಇಬ್ಬರೂ ಸ್ಕಾಟ್ಲೆಂಡಿನ ಹಿಂದಿನ ಸಾಲಿನ ಸದಸ್ಯರೇ, ಇಬ್ಬರ ಉದ್ದೇಶವೂ ಸ್ಟೀಲ್ ಅವರ ಕಾಯ್ದೆಯನ್ನು ಬಿಗಿಗೊಳಿಸುವುದೇ. ಗ್ಲಾಸ್ಗೋದ ಲೇಬರ್ ಸದಸ್ಯ ಜೇಮ್ಸ್ ವೈಟ್ ಅವರ ಮಸೂದೆ 1975ರ ಫೆಬ್ರವರಿಯಲ್ಲಿ 203–88 ಮತಗಳಿಂದ ದ್ವಿತೀಯ ವಾಚನ ದಾಟಿತು. ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಲಾಯಿತು, ಅಧಿವೇಶನದ ಜೊತೆಗೆ ಅದೂ ಮುಗಿಯಿತು. ನಾರ್ತ್ ಏರ್‌ಷೈರ್ ಕಡೆಯ ಕನ್ಸರ್ವೇಟಿವ್ ಸದಸ್ಯ ಜಾನ್ ಕೋರಿ ಅವರ ಮಸೂದೆಗೆ 1979ರ ಜುಲೈನಲ್ಲಿ 242 ಪರ, 98 ವಿರೋಧ ಮತಗಳು ಬಿದ್ದವು. 1966ರಲ್ಲಿ ಸ್ಟೀಲ್ ಅವರಿಗೆ ಬಿದ್ದ ಮತಗಳಿಗಿಂತ ಇವು ಹೆಚ್ಚು. ಅಧಿವೇಶನವೂ ಮತ್ತೆ ಉದ್ದದ್ದೇ ಆಗಿತ್ತು. ಆದರೆ ಈ ಬಾರಿ ಕಾಯ್ದೆಯನ್ನು ಉಳಿಸಿಕೊಳ್ಳಲು ಹೊರಟವರು ತಿದ್ದುಪಡಿಗಳ ಮೇಲೆ ತಿದ್ದುಪಡಿ ಹೂಡಿದರು, ಕಾರ್ಮಿಕ ಸಂಘಟನೆಗಳ ಒಕ್ಕೂಟ 1979ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ದೊಡ್ಡ ಮೆರವಣಿಗೆ ನಡೆಸಿತು, ಮಾರ್ಗರೆಟ್ ಥ್ಯಾಚರ್ ಸರಕಾರ ಹೆಚ್ಚುವರಿ ವೇಳೆ ಕೊಡಲಿಲ್ಲ. 1980ರ ಮಾರ್ಚ್‌ನಲ್ಲಿ ಮಸೂದೆಯನ್ನು ಕೈಬಿಡಬೇಕಾಯಿತು. 1967ರಲ್ಲಿ ಸ್ಟೀಲ್ ಅವರನ್ನು ಬಾಧಿಸಿದ ನಿಯಮಗಳೇ 1980ರಲ್ಲಿ ಅವರ ಕಾಯ್ದೆಯನ್ನು ಕಾದವು.

ಭಾರತದ ಕಡೆಗೆ

ಕನ್ನಡದ ಓದುಗರಿಗೆ ಈ ಕಾಯ್ದೆ ಅಷ್ಟು ದೂರದ್ದಲ್ಲ. ಶಾಂತಿಲಾಲ್ ಷಾ ಸಮಿತಿ 1964ರಲ್ಲಿ ನೇಮಕಗೊಂಡು 1966ರಲ್ಲಿ ವರದಿ ನೀಡಿತು. ಅದರ ಆಧಾರದ ಮೇಲೆ ಭಾರತದ ಸಂಸತ್ತು 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆಯನ್ನು ಅಂಗೀಕರಿಸಿತು. ಸ್ಟೀಲ್ ಮಸೂದೆಗೆ ಮೊದಲಿದ್ದ ಹೆಸರೇ ಇಲ್ಲಿ ಉಳಿಯಿತು. ಗರ್ಭಿಣಿಯ ಈಗಿನ ಮತ್ತು ಮುಂದೆ ಊಹಿಸಬಹುದಾದ ಪರಿಸರವನ್ನು ಗಣನೆಗೆ ತೆಗೆದುಕೊಳ್ಳುವ ವಾಕ್ಯ ನಮ್ಮ ಕಾಯ್ದೆಯ ಮೂರನೆಯ ಕಲಮಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆ. ಸ್ಟೀಲ್ ಕೈಬಿಟ್ಟಿದ್ದ ಅತ್ಯಾಚಾರದ ಕಾರಣವನ್ನು ಭಾರತದ ಶಾಸಕರು ಬೇರೆ ಬಗೆಯಲ್ಲಿ ಉಳಿಸಿಕೊಂಡರು: ಅತ್ಯಾಚಾರದಿಂದ ಬಸಿರಾದೆನೆಂದು ಹೆಣ್ಣು ಹೇಳಿದರೆ ಅವಳ ಸಂಕಟವನ್ನು ಮಾನಸಿಕ ಆರೋಗ್ಯಕ್ಕಾದ ಗಂಭೀರ ಹಾನಿಯೆಂದೇ ಭಾವಿಸತಕ್ಕದ್ದು ಎಂಬ ವಿವರಣೆಯನ್ನು ಸೇರಿಸಿದರು. ವೈದ್ಯರು ತನಿಖೆ ನಡೆಸಬೇಕಾಗಿಲ್ಲ, ಹೆಣ್ಣು ಸಾಬೀತುಪಡಿಸಬೇಕಾಗಿಲ್ಲ. ಬ್ರಿಟನ್ನಿನ ಸಮಿತಿ ಕೊಠಡಿಯಲ್ಲಿ ಬಿಡಿಸಲಾಗದೆ ಉಳಿದ ಗಂಟನ್ನು ಈ ವಿವರಣೆ ಹೆಚ್ಚು ಅಚ್ಚುಕಟ್ಟಾಗಿ ಬಿಡಿಸಿತೆಂದೇ ನನ್ನ ಅಭಿಪ್ರಾಯ.

ಸ್ಟೀಲ್ ಕಾಯ್ದೆ ತಲುಪದ ನೆಲದಲ್ಲಿ ಹಳೆಯ ಕಾನೂನು ಎಷ್ಟು ಕಾಲ ಬದುಕಿತೆಂಬುದನ್ನು ನಾವು ನೋವಿನಿಂದಲೇ ತಿಳಿದುಕೊಂಡೆವು. ಐರ್ಲೆಂಡ್ ಗಣರಾಜ್ಯಕ್ಕೆ ಈ ಕಾಯ್ದೆ ಎಂದೂ ಸಂಬಂಧಿಸಿದ್ದಲ್ಲ. ಅಲ್ಲಿ 1861ರ ಅದೇ ಕಲಮುಗಳು, ಮೇಲೆ ಗರ್ಭಸ್ಥ ಶಿಶುವಿಗೂ ತಾಯಿಯಷ್ಟೇ ಜೀವಿಸುವ ಹಕ್ಕು ಕೊಟ್ಟ 1983ರ ಸಂವಿಧಾನ ತಿದ್ದುಪಡಿ, 2012ರಲ್ಲೂ ಜಾರಿಯಲ್ಲಿದ್ದವು. ಆ ವರ್ಷದ ಅಕ್ಟೋಬರ್‌ನಲ್ಲಿ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಬೆಳಗಾವಿ ಕಡೆಯ ದಂತವೈದ್ಯೆಯೊಬ್ಬರು, ಉಳಿಯಲಾರದ ಬಸಿರನ್ನು ತೆಗೆಯಬೇಕೆಂದು ಕೇಳಿಯೂ ನಿರಾಕರಣೆಗೆ ಒಳಗಾಗಿ, ನಂಜೇರಿ ತೀರಿಕೊಂಡರು. ಐರ್ಲೆಂಡಿನ ಸಂಸತ್ತು 1861ರ ಆ ಕಲಮುಗಳನ್ನು ರದ್ದುಪಡಿಸಿದ್ದು 2013ರಲ್ಲಿ. ಸಂವಿಧಾನದ ತಡೆಯನ್ನು ಅಲ್ಲಿನ ಮತದಾರರು 2018ರ ಜನಮತದಲ್ಲಿ ತೆಗೆದುಹಾಕಿದರು. ಉತ್ತರ ಐರ್ಲೆಂಡಿನಲ್ಲಿ ಗರ್ಭಪಾತವು ಅಪರಾಧವಲ್ಲವೆಂದಾದದ್ದು 2019ರ ಅಕ್ಟೋಬರ್‌ನಲ್ಲಿ.

ಸ್ಕಾಟ್ಲೆಂಡಿನಲ್ಲಿ ಗರ್ಭಪಾತದ ಕಾನೂನು ಮಾಡುವ ಅಧಿಕಾರವನ್ನು 1998ರಲ್ಲಿ ವೆಸ್ಟ್‌ಮಿನ್‌ಸ್ಟರ್, ಅಂದರೆ ಬ್ರಿಟನ್ನಿನ ಸಂಸತ್ತು, ತನ್ನಲ್ಲೇ ಇರಿಸಿಕೊಂಡಿತ್ತು. ಸ್ಕಾಟಿಷ್ ಸಂಸತ್ತಿನ ಮೊದಲ ಅಧ್ಯಕ್ಷಾಧಿಕಾರಿಯಾದ ಸ್ಟೀಲ್ ಅವರಿಗೂ ತಮ್ಮ ಆ ಸಭೆಯಲ್ಲಿ ಈ ಕಾಯ್ದೆಯನ್ನು ತಿದ್ದಿಸುವ ಅವಕಾಶವಿರಲಿಲ್ಲ. 2016ರ ಸ್ಕಾಟ್ಲೆಂಡ್ ಕಾಯ್ದೆಯ ಮೂಲಕ ಆ ಅಧಿಕಾರ ಎಡಿನ್‌ಬರದ ಸ್ಕಾಟಿಷ್ ಸಂಸತ್ತಿಗೆ ಬಂತು. ಗರ್ಭಪಾತದ ಸೇವೆ ನೀಡುವ ಆಸ್ಪತ್ರೆಗಳ ಸುತ್ತ ಬೆದರಿಕೆ, ಅಡ್ಡಿಗಳನ್ನು ನಿಷೇಧಿಸುವ ಮೊದಲ ಸ್ಕಾಟಿಷ್ ಕಾನೂನು 2024ರ ಜೂನ್‌ನಲ್ಲಿ ಅಲ್ಲಿ ಅಂಗೀಕಾರವಾಯಿತು. ಅದನ್ನು ಮಂಡಿಸಿದ ಗ್ರೀನ್ ಪಕ್ಷದ ಗಿಲಿಯನ್ ಮ್ಯಾಕೆ ಕೂಡ ಆಗ ಮಂತ್ರಿಯಾಗಿರಲಿಲ್ಲ, ಹಿಂದಿನ ಸಾಲಿನ ಸದಸ್ಯೆಯಾಗಿದ್ದರು.